ಸುಂಟರಗಾಳಿಗೆ ಶಾಲೆಗಳೇ ಹಾರಿಹೋದ ಊರಲ್ಲಿ ಮುಂದಿನ ವರ್ಷ ಪಾಠ ನಡೆಯಿತಾ?

ನಡೆಯಿತು, ಅದೂ ಹೇಳಿದ ದಿನಕ್ಕೇ! ನೀವು ಕೇಳಿರುವುದು ಅಮೆರಿಕದ ಮಿಸೌರಿ ರಾಜ್ಯದ ಜಾಪ್ಲಿನ್ ಊರಿನ ಬಗ್ಗೆ.

2011ರ ಮೇ 22, ಭಾನುವಾರ. ಹೈಸ್ಕೂಲ್ ಮುಗಿಸಿದ ಮಕ್ಕಳ ಪದವಿ ಸಮಾರಂಭ ಬೇರೆ ಕಡೆ, ಅಲ್ಲಿನ ಯೂನಿವರ್ಸಿಟಿಯಲ್ಲಿ ಇತ್ತು. ಅದು ಮುಗಿದ ಸ್ವಲ್ಪ ಹೊತ್ತಿಗೇ ಗಂಟೆಗೆ 320 ಕಿ.ಮೀ.ಗೂ ಜಾಸ್ತಿ ವೇಗದ ಸುಂಟರಗಾಳಿ ಬಡಿಯಿತು. ಸುಮಾರು 160 ಜನ ಸತ್ತರು. ಹೈಸ್ಕೂಲ್ ಕಟ್ಟಡ ಪೂರ್ತಿ ಹಾಳಾಯಿತು. ಸಮಾರಂಭ ಅಲ್ಲೇ ಇದ್ದಿದ್ದರೆ? ಯೋಚಿಸಲೂ ಭಯವಾಗುತ್ತದೆ.

ಊರಿನ ಸರ್ಕಾರಿ ಶಾಲೆಗಳ ಮುಖ್ಯಸ್ಥ (ಸೂಪರಿಂಟೆಂಡೆಂಟ್) ಸಿ.ಜೆ. ಹಫ್ ಆಗಸ್ಟ್ 17ಕ್ಕೆ ಶಾಲೆ ತೆರೆಯುತ್ತೇವೆ ಎಂದು ಮಾತು ಕೊಟ್ಟರು. ಉಳಿದಿದ್ದು 87 ದಿನ, ಅಷ್ಟೇ. ಹೊಸ ಕಟ್ಟಡ ಕಟ್ಟಲು ಸಮಯ ಎಲ್ಲಿದೆ? ಮಾಲ್‌ನಲ್ಲಿ ಖಾಲಿ ಬಿದ್ದಿದ್ದ ಒಂದು ದೊಡ್ಡ ಅಂಗಡಿಯನ್ನೇ ಕ್ಲಾಸ್‌ರೂಮ್ ಮಾಡಿದರು. ದೊಡ್ಡ ಕ್ಲಾಸಿನ ಮಕ್ಕಳು ಅಲ್ಲಿ ಕಲಿತರು. ಪುಸ್ತಕಗಳೂ ಹೋಗಿದ್ದವಲ್ಲ, ಹೈಸ್ಕೂಲ್ ಮಕ್ಕಳಿಗೆಲ್ಲ ಲ್ಯಾಪ್‌ಟಾಪ್ ಕೊಟ್ಟರು. ಅದಕ್ಕೆ ನೆರವಾಗಿದ್ದು ದೂರದ ಯುಎಇ, 10 ಲಕ್ಷ ಡಾಲರ್ ದೇಣಿಗೆ!

ನನಗೆ ತುಂಬ ಹಿಡಿಸಿದ್ದು ಶಾಲೆಯ ಮುರಿದ ಬೋರ್ಡಿನ ಕಥೆ. 'ಜಾಪ್ಲಿನ್' ಎಂಬ ಇಂಗ್ಲಿಷ್ ಹೆಸರಿನಲ್ಲಿ 'ಓ', 'ಪಿ' ಎರಡೇ ಅಕ್ಷರ ಉಳಿದಿದ್ದವು. ಯಾರೋ ಟೇಪ್ ಅಂಟಿಸಿ ಅದನ್ನು 'ಹೋಪ್' (HOPE), ಅಂದರೆ ಭರವಸೆ, ಮಾಡಿದರು.

ವರ್ಷದ ಕೊನೆಗೆ, 2012ರ ಮೇ 21ರಂದು, ಮಾಲ್‌ನಲ್ಲಿ ಓದಿದ ಆ ಬ್ಯಾಚಿನ ಪದವಿ ಸಮಾರಂಭಕ್ಕೆ ಅಧ್ಯಕ್ಷ ಒಬಾಮಾ ಅವರೇ ಬಂದು ಮಾತನಾಡಿದರು. ಹೊಸ ಹೈಸ್ಕೂಲ್ ಮಾತ್ರ ತೆರೆದದ್ದು 2014ರಲ್ಲಿ.