ಮಕ್ಕಳ ಸಂತೆ ಮುಗಿದ ಮರುದಿನ

ಪತ್ರ: ನಮ್ಮ ಶಾಲೆಯಲ್ಲಿ ಮಕ್ಕಳ ಸಂತೆ ಮಾಡಿದೆವು. ಮಕ್ಕಳು ಖುಷಿಯಿಂದ ಮಾರಿದರು, ವಾಟ್ಸಾಪ್ ಗುಂಪಿಗೆ ಫೋಟೊಗಳೂ ಹೋದವು. ಮುಂದಿನ ವಾರ ನಾಲ್ಕನೇ ತರಗತಿಯಲ್ಲಿ 'ಲಾಭ ಅಂದರೇನು' ಎಂದು ಕೇಳಿದರೆ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಇಂಥ ಚಟುವಟಿಕೆಯಿಂದ ನಿಜಕ್ಕೂ ಕಲಿಯುತ್ತಾರಾ, ಇಲ್ಲ ಪಾಠದ ಸಮಯ ದಂಡವಾ?
– ಒಬ್ಬ ಶಿಕ್ಷಕಿ, ತುಮಕೂರು ಜಿಲ್ಲೆ

ಸಂಪಾದಕರ ಉತ್ತರ: ಮೇಡಂ, ಸಂತೆಯಲ್ಲಿ ಅವರಿಗೆ ಲಾಭ ಕಂಡಿದ್ದರೆ ತಾನೇ ಹೇಳುವುದು! ಹಿತ್ತಲಿನ ಕರಿಬೇವು, ಅಮ್ಮ ಕಟ್ಟಿಕೊಟ್ಟ ಸೊಪ್ಪು, ಅಜ್ಜಿ ಕರಿದ ಕೋಡುಬಳೆ. ಯಾವುದಕ್ಕೂ ಮಗು ದುಡ್ಡು ಕೊಟ್ಟಿಲ್ಲ. ಡಬ್ಬಿಗೆ ಬಿದ್ದದ್ದೆಲ್ಲ ಅದರ ಲೆಕ್ಕದಲ್ಲಿ ಲಾಭವೇ.

ಸಂತೆ ಬಿಡಬೇಡಿ. ಮರುದಿನ ಒಂದು ಪೀರಿಯಡ್ ಲೆಕ್ಕಕ್ಕೆ ಇಡಿ. ಅಕ್ಕಿಹಿಟ್ಟಿಗೆ ಎಷ್ಟಾಯಿತು, ಎಣ್ಣೆಗೆ ಎಷ್ಟು ಎಂದು ಕೋಡುಬಳೆ ಮಾರಿದ ಹುಡುಗ ಮನೆಯಲ್ಲಿ ಕೇಳಿಕೊಂಡು ಬರಲಿ. ಸಾಮಾನಿಗೆ 120 ರೂಪಾಯಿ, ಮಾರಿ ಬಂದದ್ದು 150 ಅಂದುಕೊಳ್ಳಿ. 30 ರೂಪಾಯಿ ಉಳಿಯಿತು. ಆಗ ಕೇಳಿ: ಅಜ್ಜಿ ಮಧ್ಯಾಹ್ನವಿಡೀ ಒಲೆ ಮುಂದೆ ಕೂತಿದ್ದರಲ್ಲ, ಅವರ ಕೂಲಿ ಎಷ್ಟು? ತರಗತಿಯಲ್ಲಿ ಗಲಾಟೆ ಆಗುತ್ತದೆ. ಆಗಲಿ ಬಿಡಿ, ದೊಡ್ಡವರೂ ಈ ವಿಷಯಕ್ಕೆ ಇನ್ನೂ ಜಗಳವಾಡುತ್ತಲೇ ಇದ್ದಾರೆ.

ಉಳಿದುಹೋದ ಸೊಪ್ಪಿನ ಬಗ್ಗೆಯೂ ಕೇಳಿ. 10 ರೂಪಾಯಿಯ ಕಟ್ಟು ಕೊನೆಗೆ 5ಕ್ಕೆ ಹೋಯಿತು, ಈರುಳ್ಳಿ ಮಾರಿದವಳು ಮಾತ್ರ ಬೆಲೆ ಇಳಿಸಲಿಲ್ಲ. ಯಾಕೆ? ಸೊಪ್ಪು ಸಂಜೆಗೆ ಬಾಡುತ್ತದೆ, ಈರುಳ್ಳಿ ಮುಂದಿನ ವಾರಕ್ಕೂ ಇರುತ್ತದೆ. ರೈತರ ಮಕ್ಕಳು ಇದನ್ನು ನಿಮಗಿಂತ ಚೆನ್ನಾಗಿ ಹೇಳಿಯಾರು. ಟೊಮೆಟೊವನ್ನು ರಸ್ತೆಗೆ ಸುರಿಯುವುದು ಯಾಕೆ ಎನ್ನುವ ಕಡೆಗೆ ಮಾತು ತಾನಾಗಿಯೇ ಹೊರಳುತ್ತದೆ.

ಇನ್ನು ಡಬ್ಬಿಯಲ್ಲಿರುವ ದುಡ್ಡು. ಹೊಸ 50 ರೂಪಾಯಿ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆ. ಅಲ್ಲೇ ಪಕ್ಕದಲ್ಲಿ 15 ಭಾಷೆಗಳಲ್ಲಿ ಬೆಲೆ ಬರೆದಿದೆ. ಕನ್ನಡ ಎಷ್ಟನೇ ಸಾಲಿನಲ್ಲಿದೆ ಎಂದು ಹುಡುಕಿಸಿ. ನಾಣ್ಯಗಳಲ್ಲಿ ಇಸವಿಯ ಕೆಳಗೆ ನೋಡಲಿ. ಚುಕ್ಕಿ ಇದ್ದರೆ ನೊಯ್ಡಾದಲ್ಲಿ ಮಾಡಿದ್ದು, ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತ. ಆಮೇಲೆ ನಕ್ಷೆ ಬಿಡಿಸಿಡಿ. ತನ್ನ ಕೈಯಲ್ಲಿರುವ ನಾಣ್ಯದ ಊರು ಹುಡುಕುವಾಗ ಮಕ್ಕಳು ನಕ್ಷೆಯ ಮೇಲೆ ಮುಗಿಬೀಳುತ್ತಾರೆ.

ಶಾಲಾ ಸಂಸತ್ತಿನ ಚುನಾವಣೆಗೂ ಇದೇ ಮಾತು. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ ತಯಾರಾಗುತ್ತದೆ, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದ ಹೋಗುತ್ತಿದೆ ಎಂದು ಹೇಳಿ. ಆದರೆ ಗೆದ್ದ 'ಆಹಾರ ಮಂತ್ರಿ' ಬಿಸಿಯೂಟದ ವಿಷಯದಲ್ಲಿ ಒಂದು ಸಣ್ಣ ತೀರ್ಮಾನವನ್ನೂ ಮಾಡುವ ಹಾಗಿಲ್ಲ ಅಂದರೆ ಅದು ನಾಟಕವೇ ಸರಿ, ಅಲ್ವಾ?

ಥರ್ಮಾಕೋಲ್ ಮಾದರಿಗಳ ಬಗ್ಗೆ ಮಾತ್ರ ನನಗೆ ಸಹನೆ ಕಡಿಮೆ. ರಾತ್ರಿ ಕೂತು ಅಪ್ಪ ಅಂಟಿಸಿದ ಗ್ರಾಮ ಪಂಚಾಯಿತಿಯಿಂದ ಕಲಿಯುವುದು ಅಪ್ಪನೇ. ಕಚೇರಿ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯಿರಿ. ಬೀದಿ ದೀಪ ಕೆಟ್ಟರೆ ಯಾರಿಗೆ ಹೇಳಬೇಕು ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೇ ಕೇಳಲಿ.

ಪಾಠ ಮುಗಿಸುವ ಒತ್ತಡ ಇದೆ, ಒಪ್ಪಿದೆ. ವರ್ಷಕ್ಕೆ ಐದಾರು ಮಾಡುವ ಬದಲು ಎರಡೇ ಮಾಡಿ. ಮುಂದಿನ ಸಂತೆಯ ದಿನ ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ: ತಂದದ್ದು, ಖರ್ಚು, ಮಾರಿದ್ದು, ಉಳಿದದ್ದು. ಅವುಗಳಲ್ಲಿ ನಾಲ್ಕನ್ನು ನಮಗೂ ಕಳಿಸಿ, ಕಾಗುಣಿತ ತಿದ್ದದೆ ಅಚ್ಚು ಹಾಕುತ್ತೇವೆ.