ಆಲ್ದೋ ಬಂದರೆ ಬಟ್ ಬೇಡ

ಮಗಳ ಇಂಗ್ಲಿಷ್ ವಾಕ್ಯಕ್ಕೆ ಟೀಚರ್ ಕೆಂಪು ಗೆರೆ ಎಳೆದದ್ದು ಯಾಕೆ ಎಂದು ನೀವು ಕೇಳಿದ್ದೀರಿ. ಒಂದೇ ವಾಕ್ಯಕ್ಕೆ ಎರಡು ಜೋಡಣೆ ಪದ ಬಿದ್ದಿದೆ. ಗೆರೆ ಬಿದ್ದದ್ದು ಹೆಚ್ಚಾಗಿ ಅದಕ್ಕೇ. ಬೇಕಲ ಕೋಟೆಯ ಬಗ್ಗೆ ನಿಮ್ಮ ಮಗಳು ಬರೆದದ್ದು ‘ಆಲ್ದೋ ದಿ ಫೋರ್ಟ್ ಈಸ್ ಓಲ್ಡ್, ಬಟ್ ಇಟ್ ಈಸ್ ಸ್ಟ್ರಾಂಗ್’ ಎಂದು ಅಲ್ವಾ? ಆಲ್ದೋ (ಆದರೂ), ಬಟ್ (ಆದರೆ) ಎರಡೂ ಇಲ್ಲಿ ಮಾಡುವ ಕೆಲಸ ಒಂದೇ, ಎದುರು ನಿಲ್ಲುವ ಮಾತುಗಳನ್ನು ಜೋಡಿಸುವುದು. ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳ ನೋಟ್ ಬುಕ್ಕಿನಲ್ಲಿ ನಾನು ಜಾಸ್ತಿ ತಿದ್ದುವುದು ಇದನ್ನೇ.

ಮೊದಲು ಜೋಡಣೆ ಪದ ಬಿಟ್ಟು ಎರಡು ಬೇರೆ ವಾಕ್ಯ ಬರೆಸಿ: ‘ದಿ ಫೋರ್ಟ್ ಈಸ್ ಓಲ್ಡ್. ಇಟ್ ಈಸ್ ಸ್ಟ್ರಾಂಗ್.’ ಆಮೇಲೆ ಕೇಳಿ, ಎರಡನೆಯ ಮಾತು ಮೊದಲನೆಯದರ ಜೊತೆಗೆ ಹೋಗುತ್ತದಾ, ಎದುರು ನಿಲ್ಲುತ್ತದಾ? ಜೊತೆಗೆ ಹೋದರೆ ‘ಆ್ಯಂಡ್’. ಎದುರು ನಿಂತರೆ ನಡುವೆ ‘ಬಟ್’, ಇಲ್ಲವೇ ಮೊದಲಿಗೆ ‘ಆಲ್ದೋ’. ಯಾವುದಾದರೂ ಒಂದು.

ಇನ್ನು ಮುಖ್ಯವಾದದ್ದು. ಎರಡೂ ಮಾತು ಕೋಟೆಯ ಬಗ್ಗೆಯೇ ಇರುವಾಗ ‘ಇಟ್ ಈಸ್’ ಪುನಃ ಬೇಕಾಗಿಲ್ಲ. ‘ದಿ ಫೋರ್ಟ್ ಈಸ್ ಓಲ್ಡ್ ಬಟ್ ಸ್ಟ್ರಾಂಗ್’ ಎಂದರೆ ಸಾಕು, ಓದಲಿಕ್ಕೂ ಚೆಂದ. ಮೂರು ಗುಣ ಹೇಳುವುದಾದರೆ ‘ಓಲ್ಡ್, ಲಾರ್ಜ್ ಆ್ಯಂಡ್ ಸ್ಟ್ರಾಂಗ್’. ಆ್ಯಂಡ್ ಕೊನೆಯ ಪದದ ಮುಂಚೆ ಒಂದೇ ಸಲ.

ಗೆರೆ ಕಾಮಾದ ಮೇಲೂ ಬಿದ್ದಿದೆಯಾ ಎಂದು ನಿಮ್ಮ ಪ್ರಶ್ನೆಯಿಂದ ಗೊತ್ತಾಗುವುದಿಲ್ಲ. ಬಿದ್ದಿದ್ದರೆ ಇಷ್ಟು ನೋಡಿ: ಬಟ್ ಆದಮೇಲೆ ಪೂರ್ತಿ ವಾಕ್ಯ ಬಂದರೆ ಅದರ ಮುಂಚೆ ಕಾಮಾ ಹಾಕಬೇಕು, ಬರೇ ‘ಸ್ಟ್ರಾಂಗ್’ ಬಂದರೆ ಬೇಡ.

‘ಬಿಕಾಸ್’ ಮತ್ತು ‘ಸೋ’ ಒಟ್ಟಿಗೆ ಬಂದಲ್ಲೂ ಇದೇ ತಪ್ಪು. ಹಳೆಯ ಉತ್ತರಗಳಲ್ಲಿ ಅಂಥ ವಾಕ್ಯ ಹುಡುಕಿ, ಅವಳ ಕೈಯಲ್ಲೇ ಒಂದನ್ನು ಹೊಡೆದುಹಾಕಿಸಿ.