ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ: ವಿಮಾನದ ಕಥೆ ಮಾತ್ರವೇ?
ಏರ್ ಡೆಕ್ಕನ್ ಎಂಬ ಅಗ್ಗದ ದರದ ವಿಮಾನ ಸಂಸ್ಥೆ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ ‘ಸಿಂಪ್ಲಿ ಫ್ಲೈ’ ಬರೀ ವಿಮಾನ ಕಂಪನಿಯ ಕಥೆಯೇ, ಅದರಿಂದ ಆ ಮನುಷ್ಯ ಎಂಥವರೆಂದು ತಿಳಿಯುತ್ತದೆಯೇ ಎಂದು ತಾವು ಕೇಳಿದ್ದೀರಿ. ತಿಳಿಯುತ್ತದೆ, ಅದೂ ವಿಮಾನ ಹಾರುವ ಎಷ್ಟೋ ಮೊದಲೇ.

ಗೊರೂರಿನ ಮೇಷ್ಟರ ಮನೆಯಲ್ಲಿ ಬೆಳೆದು, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, 1971ರ ಯುದ್ಧ ಕಂಡ ಗೋಪಿನಾಥ್, ಮೂವತ್ತು ತುಂಬುವ ಮುನ್ನವೇ ಸೇನೆ ಬಿಟ್ಟರು. ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಜಾವಗಲ್ ಬಳಿ ಸಿಕ್ಕ ಬರಡು ನೆಲದಲ್ಲಿ ಡೇರೆ ಹಾಕಿಕೊಂಡು ಬೇಸಾಯಕ್ಕಿಳಿದರು. ತೆಂಗು, ರೇಷ್ಮೆ, ಹೈನುಗಾರಿಕೆ, ಹಾಸನದಲ್ಲೊಂದು ಹೋಟೆಲು: ಒಂದು ಕೈಕೊಟ್ಟರೆ ಇನ್ನೊಂದಕ್ಕೆ ಕೈಹಾಕುವ ಈ ಹಟವೇ ಅವರ ಸ್ವಭಾವದ ತಿರುಳು ಎಂಬುದು ನನ್ನ ಅಭಿಪ್ರಾಯ. ಪರಿಸರಸ್ನೇಹಿ ಕೃಷಿಗಾಗಿ 1996ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂದಿತು.

ಏರ್ ಡೆಕ್ಕನ್ ಆರಂಭವಾದದ್ದು 2003ರಲ್ಲಿ. ಒಂದು ರೂಪಾಯಿಯ ಟಿಕೆಟ್ಟಿನಿಂದ ಹೆಸರಾದ ಆ ಸಂಸ್ಥೆ ನಷ್ಟದ ಹೊರೆ ತಾಳಲಾರದೆ 2007ರಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಹಿಡಿತಕ್ಕೆ ಹೋಯಿತು. ಧೈರ್ಯವಿದ್ದಷ್ಟು ಲೆಕ್ಕಾಚಾರ ಅವರಲ್ಲಿರಲಿಲ್ಲ ಎನ್ನುವವರ ಮಾತನ್ನೂ ನಾನು ಪೂರ್ತಿ ತಳ್ಳಿಹಾಕಲಾರೆ. ಪುಸ್ತಕ ಬಂದದ್ದು ಆ ಮಾರಾಟದ ನಂತರ. ತಾವು ಈ ಪುಸ್ತಕವನ್ನು ಆಧರಿಸಿದ ತಮಿಳು ಸಿನಿಮಾ ‘ಸೂರರೈ ಪೋಟ್ರು’ ನೋಡಿ ಈ ಪ್ರಶ್ನೆ ಕೇಳಿದ್ದರೆ, ಮೊದಲು ಜಾವಗಲ್‌ನ ಅಧ್ಯಾಯಗಳನ್ನು ಓದಿರಿ.